ಅಪ್ಪ ಕಟ್ಟಿದ ಮನೆಯ ಮೇಲೆ ಇನ್ನೊಂದು ಮಹಡಿ

ಈ ಜನವರಿಯಲ್ಲಿ ನಮ್ಮ ಮಹಡಿಗೆ ಬಾಡಿಗೆಯವರು ಬಂದರು. ಎರಡು ಪುಟ್ಟ ಮನೆ, ಎರಡು ಕುಟುಂಬ. ಮಹಡಿ ಕಟ್ಟೋಣ ಅಂತ ಮೊದಲು ಮಾತಾಡಿದ್ದು 2023ರ ಸೆಪ್ಟೆಂಬರಿನಲ್ಲಿ. ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ ಅಂದುಕೊಂಡಿದ್ದೆವು. ಎರಡು ಮಳೆಗಾಲ ದಾಟಿತು. ನಮ್ಮ ಕಡೆ ಹಳೇ ಮನೆ ಇಟ್ಟುಕೊಂಡು ಇದೇ ಯೋಚನೆ ಮಾಡುತ್ತಿರುವವರು ತುಂಬಾ ಜನ ಇದ್ದಾರೆ. ನನ್ನ ಶಾಲೆಯಲ್ಲೇ ಮೂವರು ಟೀಚರ್‌ಗಳು ಕೇಳಿದರು. ಅವರಿಗೆ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಮನೆ ಇರುವುದು ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಇಳಿಜಾರಿನ ಜಾಗದಲ್ಲಿ. ಅಪ್ಪ ಕಟ್ಟಿಸಿದ್ದು 1996ರಲ್ಲಿ. 24 ಅಡಿ ಅಗಲ, 36 ಅಡಿ ಉದ್ದ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ತಾರಸಿ. ಹತ್ತು ವರ್ಷ ಕಳೆದ ಮೇಲೆ ಸೋರಿಕೆ ತಡೆಯಲಾಗದೆ ತಾರಸಿಯ ಮೇಲೆ ಶೀಟ್ ಹಾಕಿಸಿದರು. ಇಲ್ಲಿ ಎಲ್ಲರ ಮನೆಯೂ ಹಾಗೇ ಅಲ್ವಾ. ಆ ಶೀಟಿನ ಕೆಳಗೆ ನಾಲ್ಕು ಮೂಲೆಯಲ್ಲೂ ಕಂಬಿಗಳು ನಿಂತಿದ್ದವು. ಒಂದೊಂದು ಮೂಲೆಯಲ್ಲಿ ನಾಲ್ಕು ಕಂಬಿ, ಎರಡು ಅಡಿ ಎತ್ತರ. ಅಮ್ಮ ಅದಕ್ಕೆ ಹಗ್ಗ ಕಟ್ಟಿ ಮಳೆಗಾಲದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. "ಮುಂದೆ ಮಕ್ಕಳು ಮೇಲೆ ಕಟ್ಟಲಿ ಅಂತ ಬಿಟ್ಟಿದ್ದೇನೆ" ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತನ್ನು ನಂಬಿಕೊಂಡೇ ನಾವು ಹೊರಟಿದ್ದು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಮತ್ತು ನಾನು ಮಾತ್ರ. ತಮ್ಮ ಬೆಂಗಳೂರಿನಲ್ಲಿದ್ದಾನೆ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಬಂದ ಮೇಲೆ ಬಾಡಿಗೆ ಮನೆ ಕೇಳುವವರು ಜಾಸ್ತಿಯಾಗಿದ್ದಾರೆ. ನರ್ಸ್‌ಗಳು, ಲ್ಯಾಬಿನವರು, ಸರ್ಕಾರಿ ಕೆಲಸಕ್ಕೆ ವರ್ಗವಾಗಿ ಬಂದವರು. ಹೋಂಸ್ಟೇ ಮಾಡು ಅಂತ ಹತ್ತು ಜನ ಹೇಳಿದರು. ದಿನಾ ಹೊಸಬರು ಬಂದುಹೋಗುವ ಗಲಾಟೆ ಅಮ್ಮನಿಗೆ ಬೇಡವಾಗಿತ್ತು. ತಿಂಗಳ ಬಾಡಿಗೆಯೇ ಸಾಕು ಅಂತ ತೀರ್ಮಾನ ಮಾಡಿದೆವು. ಊರಿನ ಮೇಸ್ತ್ರಿಯೊಬ್ಬರು ಚದರ ಅಡಿಗೆ 1,800 ರೂಪಾಯಿ ಅಂದರು. ಸುಮಾರು 860 ಚದರ ಅಡಿ, ಅಂದರೆ ಹದಿನೈದೂವರೆ ಲಕ್ಷ. "ಪಿಲ್ಲರ್ ಕಂಬಿ ರೆಡಿ ಇದೆ, ಇನ್ನೇನು ಅಕ್ಕ, ನಾಲ್ಕು ತಿಂಗಳ ಕೆಲಸ" ಅಂದರು. ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ಬರೆದೆ.

ಮೊದಲ ಒಂದು ವರ್ಷ ಪೂರ್ತಿ ಹೋದದ್ದು ಕಾಗದಕ್ಕೆ.

ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಕಂದಾಯ ಕಟ್ಟುತ್ತಾ ಬಂದಿದ್ದೆವು, ಯಾರೂ ಏನೂ ಕೇಳಿರಲಿಲ್ಲ. ಸಾಲಕ್ಕೆ ಅಂತ ಬ್ಯಾಂಕಿಗೆ ಹೋದಾಗಲೇ ಗೊತ್ತಾದದ್ದು, ತೀರಿಕೊಂಡವರ ಹೆಸರಿನಲ್ಲಿರುವ ಮನೆ ಮೇಲೆ ಒಂದು ರೂಪಾಯಿಯೂ ಹುಟ್ಟಲ್ಲ ಅಂತ. ಮರಣ ಪ್ರಮಾಣ ಪತ್ರ ಇತ್ತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆವು. ಮರಣ ಪತ್ರದಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮುಂದೆ ಇತ್ತು, ಹಳೇ ಕಾಗದದಲ್ಲಿ ಹಿಂದೆ. ಅದೊಂದಕ್ಕೇ ಅಫಿಡವಿಟ್, ಮತ್ತೆ ಎರಡು ವಾರ. ಕೊನೆಗೆ ಪೌತಿ ಖಾತೆ ಅಮ್ಮ, ನಾನು, ತಮ್ಮ ಮೂವರ ಹೆಸರಿಗೂ ಜಂಟಿಯಾಗಿ ಆಯಿತು. ಜಂಟಿ ಅಂದ ಮೇಲೆ ಸಾಲದ ಕಾಗದಕ್ಕೂ ಮೂವರ ಸಹಿ ಬೇಕು. ತಮ್ಮ ಎರಡು ಸಲ ರಜೆ ಹಾಕಿ ಬಂದ. ಒಂದು ಸಲ ಬಂದ ದಿನ ಬ್ಯಾಂಕಿನಲ್ಲಿ ಸಹಿ ಮಾಡಿಸಿಕೊಳ್ಳುವವರೇ ರಜೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಆಮೇಲೆ ಇ-ಸ್ವತ್ತು, ಅಂದರೆ ಪಂಚಾಯಿತಿ ಆನ್‌ಲೈನಿನಲ್ಲಿ ಕೊಡುವ ಆಸ್ತಿ ದಾಖಲೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ನಮೂನೆ 9 ಮತ್ತು 11-ಎ ಇದ್ದರೆ ಬ್ಯಾಂಕಿನವರ ಮುಖ ಅರಳುತ್ತದೆ. 11-ಬಿ ಅಂದರೆ ತಾಪತ್ರಯ. 11-ಎ ಸಿಗಲು ಭೂಪರಿವರ್ತನೆಯ ಆದೇಶ, ಅಂದರೆ ಕೃಷಿ ಜಾಗವನ್ನು ವಾಸಕ್ಕೆ ಬದಲಿಸಿದ ಕಾಗದ, ಬೇಕಿತ್ತು. ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ, ಕಾಫಿ ಮಾರಿದ ಹಳೇ ರಸೀದಿಗಳ ಅಡಿಯಲ್ಲಿ, ಗೆದ್ದಲು ತಿಂದ ಒಂದು ನಕಲು ಸಿಕ್ಕಿತು. ಆದೇಶದ ನಂಬರ್ ಮಾತ್ರ ಓದಲು ಬರುತ್ತಿತ್ತು. ಆ ನಂಬರ್ ಹಿಡಿದು ದೃಢೀಕೃತ ನಕಲು ತೆಗೆಸಲು ಮೂರು ತಿಂಗಳು ಹಿಡಿಯಿತು. ಜಾಗದ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ, ಅಂದರೆ ಇ.ಸಿ., ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲೇ ಬಂತು. ಬ್ಯಾಂಕಿನ ವಕೀಲರು 30 ವರ್ಷದ್ದು ಕೇಳಿದರು.

ಒಂದು ಮಾತು. ನಮ್ಮದು ಪರಿವರ್ತನೆಯಾದ ಚಿಕ್ಕ ಜಾಗ, ಅದಕ್ಕೇ ಇಷ್ಟರಲ್ಲಿ ಮುಗಿಯಿತು. ನಿಮ್ಮದು ಜಮ್ಮಾ ಜಾಗವಾಗಿ (ಕೊಡಗಿನಲ್ಲಿ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಮೀನು), ಪಹಣಿಯಲ್ಲಿ ಕುಟುಂಬದ ಹತ್ತಿಪ್ಪತ್ತು ಜನರ ಹೆಸರು ಇದ್ದರೆ ದಯವಿಟ್ಟು ಮೊದಲು ವಕೀಲರನ್ನು ನೋಡಿ. ಮನೆ ನೀವೇ ಕಟ್ಟಿ ನೀವೇ ವಾಸ ಮಾಡುತ್ತಿದ್ದರೂ ಬ್ಯಾಂಕಿನವರು ಅಷ್ಟೂ ಜನರ ಒಪ್ಪಿಗೆ ಕೇಳಬಹುದು. ಕಲ್ಲು, ಸಿಮೆಂಟಿನ ಮಾತು ಆಮೇಲಿನದು.

2024ರ ಸೆಪ್ಟೆಂಬರಿನಲ್ಲಿ ಪ್ಲಾನಿಗೆ ಒಪ್ಪಿಗೆ ಸಿಕ್ಕಿತು. ಕಟ್ಟಡ ಕಾರ್ಮಿಕರ ಸೆಸ್ ಅಂತ ಅಂದಾಜು ವೆಚ್ಚದ ಶೇ. 1 ಕಟ್ಟಬೇಕಿತ್ತು. ಆಗಿನ ನಿಯಮದಲ್ಲಿ ಸ್ವಂತ ವಾಸದ ಮನೆಯಾಗಿದ್ದು ಖರ್ಚು 10 ಲಕ್ಷದೊಳಗಿದ್ದರೆ ಇದು ಇರಲಿಲ್ಲ. ನಮಗೆ 15,480 ಆಯಿತು. ಅಕ್ಟೋಬರಿನಲ್ಲಿ 12 ಲಕ್ಷ ಸಾಲ ಮಂಜೂರಾಯಿತು. ಹುತ್ತರಿ ಹಬ್ಬ ಮುಗಿಸಿ ಕೆಲಸ ಶುರು ಮಾಡುವುದು ಅಂತ ದಿನ ಇಟ್ಟೆವು.

ಆಗ ತಮ್ಮ ಒಂದು ಮಾತು ಹೇಳಿದ. "ಅಕ್ಕ, ಸುಮ್ನೆ ಒಂದು ಸಲ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸು." ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ನನಗೂ ದುಡ್ಡು ದಂಡ ಅನ್ನಿಸಿತು. ಆದರೂ ಮೈಸೂರಿನಿಂದ ಒಬ್ಬರನ್ನು ಕರೆಸಿದೆವು. ಅವರು ಮೊದಲು ತಾರಸಿಗೆ ಹೋಗಲೇ ಇಲ್ಲ. ಮನೆ ಸುತ್ತ ಎರಡು ಸುತ್ತು ಹಾಕಿದರು. ಹಿಂದಿನ ತಡೆಗೋಡೆಯ ಬಿರುಕಿನ ಮುಂದೆ ನಿಂತರು. "ಇದು ಯಾವಾಗಿನದು?" ಅಂದರು. 2018ರ ಆಗಸ್ಟ್ ಅಂದೆ. ಆ ವಾರ ಮಕ್ಕಂದೂರು, ಜೋಡುಪಾಲ ಕಡೆ ಬರೆ, ಅಂದರೆ ಗುಡ್ಡದ ಮಗ್ಗುಲು, ಕುಸಿದು ಮನೆಗಳೇ ಹೋದವು. ನಮ್ಮಲ್ಲಿ ಒಂದು ಬಿರುಕು ಮಾತ್ರ ಬಿಟ್ಟಿದ್ದಕ್ಕೆ ದೇವರಿಗೆ ಕೈ ಮುಗಿದು ಸುಮ್ಮನಾಗಿದ್ದೆವು.

"ನಾಲ್ಕು ಮೂಲೆಯಲ್ಲೂ ಪಾಯದ ಪಕ್ಕ ಗುಂಡಿ ತೆಗೆಸಿ ಮೇಡಂ" ಅಂದರು.

ಇಬ್ಬರು ಆಳು, ಒಂದು ದಿನ, 1,800 ರೂಪಾಯಿ. ಈ ಇಡೀ ಕೆಲಸದಲ್ಲಿ ನಾನು ಕೊಟ್ಟ ಅತಿ ಉಪಯೋಗದ ದುಡ್ಡು ಅದು. ಒಂದು ವರ್ಷ ಮೊದಲೇ ಕೊಟ್ಟಿದ್ದರೆ ಎಷ್ಟು ಉಳಿಯುತ್ತಿತ್ತೋ.

ಎಂಜಿನಿಯರ್ ಗುಂಡಿಗೆ ಇಳಿದು ಕೈಯಿಂದ ಮಣ್ಣು ಕೆರೆದು ತೋರಿಸಿದರು. ಮೂಲೆಯ ಪಿಲ್ಲರ್ ನೆಲಮಟ್ಟದ ಬೆಲ್ಟಿನ, ಅಂದರೆ ಪಾಯದ ಮೇಲಿನ ಕಾಂಕ್ರೀಟ್ ಪಟ್ಟಿಯ, ಮೇಲೆ ನಿಂತಿತ್ತು. ಅದರ ಕೆಳಗೆ ಕಾಂಕ್ರೀಟಿನ ಪಾದವೇ ಇಲ್ಲ, ಬರೀ ಸೈಜುಗಲ್ಲು. ಅಂದರೆ ಮೇಲೆ ನಿಂತಿದ್ದ ಆ ಕಂಬಿಗಳಿಗೆ ಕೆಳಗೆ ಬೇರು ಅನ್ನುವುದೇ ಇರಲಿಲ್ಲ. ಕಂಬಿಯನ್ನೂ ನೋಡಿದೆವು. ಹೊರಗಿನಿಂದ ದಪ್ಪ ಕಾಣುತ್ತಿತ್ತು. ಸುತ್ತಿಗೆಯಿಂದ ತಟ್ಟಿದಾಗ ತುಕ್ಕು ಪದರ ಪದರವಾಗಿ ಉದುರಿ ಒಳಗೆ ಪೆನ್ಸಿಲ್‌ಗಿಂತ ಸಣ್ಣ ಕಂಬಿ ಉಳಿಯಿತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ, ಒಳಗೆ ಹೋದಳು. ಅಪ್ಪನಿಗೂ ಇದು ಗೊತ್ತಿರಲಿಲ್ಲ. ಅವತ್ತಿನ ಮೇಸ್ತ್ರಿ ಹೇಳಿದ್ದನ್ನು ಅವರೂ ನಂಬಿದ್ದರು.

ಕಣಿವೆ ಕಡೆಯ ಗುಂಡಿಗಳಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಅಗೆದಷ್ಟೂ ಸಡಿಲ ಮಣ್ಣು. ಆರು ಅಡಿಯಲ್ಲಿ ಒಡೆದ ಮಂಗಳೂರು ಹೆಂಚು, ಒಂದು ಕಾಫಿ ಗಿಡದ ಬುಡ. 1996ರಲ್ಲಿ ಮೇಲಿನ ಬರೆ ಕಡಿದು ಆ ಮಣ್ಣನ್ನು ಕೆಳಗೆ ತುಂಬಿ ಅಂಗಳ ಸಮ ಮಾಡಿದ್ದರು. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. ಕೊಡಗಿನಲ್ಲಿ ಇಳಿಜಾರಿನಲ್ಲಿರುವ ಎಷ್ಟು ಮನೆಗಳ ಕಥೆ ಇದೇ ಅಲ್ವಾ. ಒಂದಂತಸ್ತಿಗೆ ಇಷ್ಟು ವರ್ಷ ತಡೆದಿದೆ. ಎರಡಂತಸ್ತಿನ ಭಾರಕ್ಕೆ, ಅದೂ ನೀರು ಕುಡಿದ ಮಣ್ಣು ತಡೆಯುತ್ತದೆ ಅಂತ ಯಾರು ಹೇಳಬಲ್ಲರು?

ಕೈಬಿಡೋಣ ಅಂತ ಒಂದು ವಾರ ಅಂದುಕೊಂಡೆವು. ನಿದ್ದೆ ಇರಲಿಲ್ಲ. ಆಮೇಲೆ ಎಂಜಿನಿಯರ್ ಒಂದು ದಾರಿ ಬರೆದು ಕೊಟ್ಟರು. ಮೇಲಿನ ಮನೆಯ ಗೋಡೆಯಾಗಲಿ ಮಾಡು (ಛಾವಣಿ) ಆಗಲಿ ಹಳೇ ಗೋಡೆಯ ಮೇಲೆ ಕೂರಬಾರದು. ಹೊಸದಾಗಿ ಹನ್ನೆರಡು ಪಿಲ್ಲರ್. ಹತ್ತು ಮನೆಯ ಹೊರಗೆ ಗೋಡೆಗೆ ಒತ್ತಿಕೊಂಡು, ಎರಡು ಮನೆಯ ಒಳಗಿಂದ. ಹಳೇ ತಾರಸಿಯ ಮೇಲೆ ಸ್ವಲ್ಪ ಜಾಗ ಬಿಟ್ಟು ಹೊಸ ಬೀಮ್, ಆ ಬೀಮಿನ ಮೇಲೆ ಗೋಡೆ. ಹಳೇ ತಾರಸಿ ಹೊರುವುದು ಟೈಲ್ಸ್, ಸಾಮಾನು, ಓಡಾಡುವ ಜನ ಇಷ್ಟನ್ನೇ. ಅದಕ್ಕೆ ತಾಕತ್ತಿದೆಯಾ ಅಂತ ಕಾಂಕ್ರೀಟಿನ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಒತ್ತಿ, ಒಳಗಿನ ಕಂಬಿ ಸ್ಕ್ಯಾನ್ ಮಾಡಿ ನೋಡಿದರು. ಇದೆ ಅಂದರು.

ಇನ್ನೊಂದು ಮಾತು ಅವರು ಹೇಳಿದ್ದು ನನಗೆ ಈಗಲೂ ಬಾಯಿಪಾಠ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಚದರ ಅಡಿಗೆ ಹೆಚ್ಚುಕಡಿಮೆ 29 ಕೆ.ಜಿ. ತೂಗುತ್ತದೆ. ನಮ್ಮ ಮಹಡಿಗೆ ಮೇಲೆ ಸ್ಲ್ಯಾಬ್ ಹಾಕಿದ್ದರೆ ಅದೊಂದೇ ಸುಮಾರು 25 ಟನ್. ಅದರ ಬದಲು ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು), ಶೀಟ್, ಒಳಗೆ ಸೀಲಿಂಗ್. ಗೋಡೆಗೆ ಇಟ್ಟಿಗೆ ಬೇಡ, ಹಗುರದ ಎಎಸಿ ಬ್ಲಾಕ್. "ಮಡಿಕೇರಿ ಮಳೆಗೆ ಸ್ಲ್ಯಾಬ್ ಹಾಕಿದರೂ ಅದರ ಮೇಲೆ ಶೀಟ್ ಹಾಕಿಯೇ ಹಾಕುತ್ತೀರಿ ಮೇಡಂ, ನೇರವಾಗಿ ಶೀಟೇ ಹಾಕಿ" ಅಂದರು.

ಒಪ್ಪಿದೆವು. ಆದರೆ ಪಿಲ್ಲರ್ ಹೊರಗೆ ಬಂದರೆ ಮೊದಲಿನ ಪ್ಲಾನ್ ನಡೆಯುವುದಿಲ್ಲ, ಅಕ್ಕಪಕ್ಕ ಬಿಡಬೇಕಾದ ಜಾಗ ಕಡಿಮೆಯಾಗುತ್ತದೆ. ತಿದ್ದಿದ ಪ್ಲಾನ್ ಮತ್ತೆ ಹಾಕಿ ಏಳು ವಾರ ಕಾದೆವು. ಡಿಸೆಂಬರ್, ಜನವರಿಯ ಬಿಸಿಲು ಸುಮ್ನೆ ಹೋಯಿತು. ಬ್ಯಾಂಕಿನವರು ಹೆಚ್ಚಿನ ಖರ್ಚಿಗೆ ಸಾಲ ಹೆಚ್ಚಿಸಲಿಲ್ಲ. ಅಮ್ಮ ಬೀರು ತೆಗೆದು ತನ್ನ ಬಳೆ, ಸರ ತಂದು ಮೇಜಿನ ಮೇಲೆ ಇಟ್ಟಳು. ಅದನ್ನು ಅಡವಿಟ್ಟು 3 ಲಕ್ಷ ತಂದೆವು.

2025ರ ಫೆಬ್ರವರಿಯಲ್ಲಿ ಗುದ್ದಲಿ ಪೂಜೆ. ಕಾಫಿ ಕೊಯ್ಲಿನ ಸಮಯ. ಮಳೆ ಇಲ್ಲದ ತಿಂಗಳೂ ಅದೇ, ತೋಟದಲ್ಲಿ ಆಳು ಬೇಕಾಗುವ ತಿಂಗಳೂ ಅದೇ. ಹೆಲ್ಪರ್‌ಗಳು ಒಂದು ವಾರ ಬಂದರೆ ಇನ್ನೊಂದು ವಾರ ತೋಟಕ್ಕೆ. ಮೊದಲು ಒಪ್ಪಿಕೊಂಡ ಮೇಸ್ತ್ರಿ ಒಂದು ಲಕ್ಷ ಮುಂಗಡ ತೆಗೆದುಕೊಂಡು ಮೂರು ವಾರ ಬೇರೆ ದೊಡ್ಡ ಕೆಲಸಕ್ಕೆ ಹೋದರು. ಅವರ ಲೆಕ್ಕ ಅಲ್ಲಿಗೇ ಮುಗಿಸಿ ಬೇರೆಯವರನ್ನು ಹಿಡಿದೆವು. ಈ ಸಲ ಕೂಲಿ ಮಾತ್ರ ಅವರದು, ಸಾಮಾನು ನಮ್ಮದು. ಕೆಲಸ ಆದಷ್ಟಕ್ಕೆ ಮಾತ್ರ ದುಡ್ಡು. ನೀವೂ ಹಾಗೇ ಮಾಡಿ.

ಹಳೇ ಪಾಯದ ಪಕ್ಕ ಹೊಸ ಗುಂಡಿ ತೋಡುವುದು ತುಂಬಾ ಎಚ್ಚರಿಕೆಯ ಕೆಲಸ. ಎಲ್ಲಾ ಗುಂಡಿ ಒಟ್ಟಿಗೆ ತೆಗೆದರೆ ಹಳೇ ಪಾಯದ ಕೆಳಗಿನ ಮಣ್ಣು ಜಾರುತ್ತದೆ. ಒಂದು ಬಿಟ್ಟು ಒಂದು ತೆಗೆದು, ಕಾಂಕ್ರೀಟ್ ಹಾಕಿ, ಮಣ್ಣು ಮುಚ್ಚಿ, ಆಮೇಲೆ ಮುಂದಿನದು. ಬೇಗ ಮುಗಿಸಲು ಜೆಸಿಬಿ ತರುತ್ತೇವೆ ಅಂದರು. ನಾನು ಬೇಡವೇ ಬೇಡ ಅಂದೆ. ಮೇಲಿನ ಕಡೆ ನಾಲ್ಕೂವರೆ ಅಡಿಗೆ ಗಟ್ಟಿ ಮಣ್ಣು ಸಿಕ್ಕಿತು. ಕಣಿವೆ ಕಡೆ ಒಂಬತ್ತು ಅಡಿಗೆ ಹೋಗಬೇಕಾಯಿತು. ಪ್ರತಿ ಗುಂಡಿಯಲ್ಲೂ ಟೇಪ್ ಹಿಡಿಸಿ ಆಳದ ಫೋಟೊ, ಕಂಬಿ ಕಟ್ಟಿದ ಮೇಲೆ ಒಂದು ಫೋಟೊ ತೆಗೆದು ಎಂಜಿನಿಯರ್‌ಗೆ ಕಳಿಸುತ್ತಿದ್ದೆ. ಅವರು ಹೂಂ ಅಂದ ಮೇಲೆಯೇ ಕಾಂಕ್ರೀಟ್.

ಒಳಗಿನ ಎರಡು ಪಿಲ್ಲರಿನಲ್ಲಿ ಒಂದು ಅಡುಗೆಮನೆಯ ಮೂಲೆಗೆ ಬಂತು. ನೆಲ ಒಡೆದು ಗುಂಡಿ ತೋಡಿದರು. ತಾರಸಿಗೂ ತೂತು ಕೊರೆದರು. ಅಮ್ಮ ಐದು ವಾರ ಜಗುಲಿಯಲ್ಲಿ ಗ್ಯಾಸ್ ಒಲೆ ಇಟ್ಟು ಅಡುಗೆ ಮಾಡಿದಳು. ಧೂಳಿಗೆ ಕೆಮ್ಮು ಹಿಡಿಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಹೊತ್ತಿಗೆ ಬೇರೆ ಕಡೆ ಇರಿಸುವುದು ಒಳ್ಳೆಯದು. ನಾನು ಅದನ್ನು ಮಾಡಲಿಲ್ಲ, ಈಗಲೂ ಬೇಸರ ಇದೆ.

ನಮ್ಮ ರಸ್ತೆಗೆ ಟಿಪ್ಪರ್ ಬರುವುದಿಲ್ಲ. ಜಲ್ಲಿ, ಎಂ-ಸ್ಯಾಂಡ್ ಎಲ್ಲ ಮೇನ್ ರೋಡಿನಲ್ಲಿ ಇಳಿಸಿ ಪಿಕಪ್‌ನಲ್ಲಿ ಮೇಲೆ ತರಬೇಕು. ಅದಕ್ಕೇ 45,000. ಯಾವ ಅಂದಾಜು ಪಟ್ಟಿಯಲ್ಲೂ ಇದು ಇರಲಿಲ್ಲ.

ಮಾರ್ಚ್ ಕೊನೆಗೆ ಪಿಲ್ಲರ್ ತಾರಸಿ ದಾಟಿ ಮೇಲೆ ಬಂತು, ಹಳೇ ಶೀಟ್ ಬಿಚ್ಚಿದೆವು. ಐದನೇ ದಿನಕ್ಕೆ ಹೂಮಳೆ, ಕಾಫಿ ಹೂ ಅರಳಿಸುವ ಮಳೆ. ತೋಟದವರೆಲ್ಲ ಕಾಯುತ್ತಿದ್ದ ಮಳೆ, ನಮ್ಮ ಒಂದೆಕರೆ ಕಾಫಿಗೂ ಬೇಕಾದದ್ದೇ. ರಾತ್ರಿ ಹನ್ನೊಂದಕ್ಕೆ ಪಿಲ್ಲರಿನ ತೂತಿನ ಪಕ್ಕದಿಂದ ನೀರು ಇಳಿದು ಅಡುಗೆಮನೆ ಪೂರ್ತಿ ಕೆಸರಾಯಿತು. ಅಮ್ಮ, ನಾನು ಬಕೆಟ್ ಹಿಡಿದು ಬೆಳಗಿನವರೆಗೆ ಕೂತೆವು. ಬೆಳಿಗ್ಗೆ ಮಾಡಿದ್ದು ತೂತಿನ ಸುತ್ತ ನಾಲ್ಕು ಇಂಚಿನ ಸಿಮೆಂಟ್ ಕಟ್ಟೆ. ಅದನ್ನು ಶೀಟ್ ಬಿಚ್ಚುವ ಮೊದಲೇ ಮಾಡಬೇಕಿತ್ತು. ಟಾರ್ಪಾಲು ಕೂಡ ಮೊದಲೇ ತಂದಿಡಿ.

ಜೂನ್ ಮೊದಲ ವಾರದವರೆಗೆ ಸಮಯ ಇದೆ, ಅಷ್ಟರಲ್ಲಿ ಮಾಡು ಹಾಕಿಬಿಡೋಣ ಅಂತ ಲೆಕ್ಕ. ಆದರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಎಂಟು ದಿನ ಮೊದಲು. ನಮ್ಮಲ್ಲಿ ಅದೇ ವಾರ ಹಿಡಿದ ಮಳೆ ಬಿಡಲೇ ಇಲ್ಲ. ಗೋಡೆ ಲಿಂಟಲ್ ಮಟ್ಟಕ್ಕೆ ನಿಂತಿತ್ತು, ಮೇಲೆ ಏನೂ ಇಲ್ಲ. ಮಳೆಗಾಲದಲ್ಲಿ ದೊಡ್ಡ ಗಾಡಿಗಳಿಗೆ ಜಿಲ್ಲೆಯಲ್ಲಿ ನಿರ್ಬಂಧವೂ ಬರುತ್ತದೆ, ಟ್ರಸ್ಸಿನ ಕಬ್ಬಿಣ ತರಿಸಲು ಆಗಲಿಲ್ಲ. ನಾಲ್ಕು ತಿಂಗಳು ನೀಲಿ ಟಾರ್ಪಾಲಿನ ಕೆಳಗೆ ಬದುಕಿದೆವು. ಗಾಳಿಗೆ ಅದು ಪಟಪಟ ಬಡಿಯುವ ಸದ್ದು ಈಗಲೂ ಕಿವಿಯಲ್ಲಿದೆ. ಆ ಹೊತ್ತಿಗೆ 7 ಲಕ್ಷ ಸಾಲ ಬಿಡುಗಡೆಯಾಗಿತ್ತು. ಕೆಲಸ ಇಲ್ಲದಿದ್ದರೂ ತಿಂಗಳಿಗೆ 5,250 ಬಡ್ಡಿ ಮಾತ್ರ ತಪ್ಪಲಿಲ್ಲ. ಆದರೆ ಒಂದು ಸಮಾಧಾನ ಇತ್ತು. ಜೋರು ಮಳೆಯ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ತಡೆಗೋಡೆ ನೋಡಲು ಹೋಗುತ್ತಿದ್ದೆ. ಬಿರುಕಿಗೆ ಅಡ್ಡಲಾಗಿ ಎಂಜಿನಿಯರ್ ಸಿಮೆಂಟ್ ಪಟ್ಟಿ ಹಾಕಿಸಿ ತಾರೀಕು ಬರೆಸಿದ್ದರು. ಬಿರುಕು ಅಗಲವಾದರೆ ಪಟ್ಟಿ ಸೀಳುತ್ತದೆ. ಸೀಳಲಿಲ್ಲ.

ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಟ್ರಸ್ ಏರಿತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕೆಲಸ: ಪ್ಲಾಸ್ಟರಿಂಗ್, ವೈರಿಂಗ್, ಟೈಲ್ಸ್, ಪೇಂಟ್. ಎರಡು ವಿಷಯ ಮಾತ್ರ ಹೇಳುತ್ತೇನೆ. ಬಚ್ಚಲು, ಶೌಚಾಲಯ ಎರಡೂ ಮನೆಯದು ಒಂದೇ ಕಡೆ, ಕೆಳಗಿನ ಬಚ್ಚಲಿನ ನೇರ ಮೇಲೆ ಇಟ್ಟರೆ ಪೈಪಿನ ಖರ್ಚೂ ಉಳಿಯುತ್ತದೆ, ಸೋರಿದರೆ ಹುಡುಕುವುದೂ ಸುಲಭ. ನೀರಿನ ಟ್ಯಾಂಕ್ ತಾರಸಿಯ ನಡುವೆ ಇಡಬೇಡಿ. ಸಾವಿರ ಲೀಟರ್ ಅಂದರೆ ಒಂದು ಟನ್. ನಮ್ಮದು ಹಿಂದಿನ ಬರೆಯ ಮೇಲೆ ಗಟ್ಟಿ ನೆಲದಲ್ಲಿ ಇದೆ.

ಒಟ್ಟು 22 ಲಕ್ಷ 80 ಸಾವಿರ ಆಯಿತು. ಪಾದ, ಪಿಲ್ಲರ್, ಬೀಮ್‌ಗೇ 6 ಲಕ್ಷ 40 ಸಾವಿರ. ಗೋಡೆ ಮತ್ತು ಮಾಡಿಗೆ 5 ಲಕ್ಷ 80 ಸಾವಿರ. ಎಂಜಿನಿಯರ್‌ಗೆ ಕೊಟ್ಟದ್ದು 42,000, ಕಾಗದಪತ್ರಕ್ಕೆ 38,000. ಹೊರಗಿನ ಮೆಟ್ಟಿಲಿಗೆ 1 ಲಕ್ಷ 10 ಸಾವಿರ. ಉಳಿದದ್ದು ಬಾಗಿಲು ಕಿಟಕಿ, ಪೈಪು, ಕರೆಂಟು, ಟೈಲ್ಸ್, ಪೇಂಟ್, ಸಾಗಾಟ, ಸೋರಿಕೆಯ ರಿಪೇರಿ.

ಬಾಡಿಗೆ ಒಂದಕ್ಕೆ 9,000, ಇನ್ನೊಂದಕ್ಕೆ 8,500. ವರ್ಷಕ್ಕೆ 2 ಲಕ್ಷ 10 ಸಾವಿರ. ಮನೆ ಖಾಲಿ ಇರುವುದಕ್ಕೆ, ರಿಪೇರಿಗೆ, ಕಂದಾಯಕ್ಕೆ ಅಂತ ಎರಡು ತಿಂಗಳದ್ದು ತೆಗೆದಿಟ್ಟರೆ 1 ಲಕ್ಷ 75 ಸಾವಿರ. ಹಾಕಿದ ದುಡ್ಡಿಗೆ ಶೇ. 7.7ರಷ್ಟು. ಸಾಲದ ಕಂತು ತಿಂಗಳಿಗೆ 12,171, ಹದಿನೈದು ವರ್ಷ. ಬರೀ ದುಡ್ಡಿನ ಲೆಕ್ಕಕ್ಕೆ ಇಳಿದರೆ ಇದೇನೂ ದೊಡ್ಡ ಲಾಭ ಅಲ್ಲ. ಹದಿನೈದೂವರೆ ಲಕ್ಷದಲ್ಲಿ ಆಗುತ್ತದೆ ಅನ್ನುವ ಲೆಕ್ಕವೇ ಬೇರೆ ಇತ್ತು, ಆದರೆ ಆ ಹದಿನೈದೂವರೆ ಲಕ್ಷದ ಮನೆ ತುಂಬಿದ ಮಣ್ಣಿನ ಮೇಲೆ ನಿಲ್ಲುತ್ತಿತ್ತು. ಒಂದು ಅನುಕೂಲ: ಬಾಡಿಗೆ ಆದಾಯದಲ್ಲಿ ಕಟ್ಟಿದ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30 ತೆರಿಗೆಗೆ ಬರುವುದಿಲ್ಲ, ಸಾಲದ ಬಡ್ಡಿಯನ್ನೂ ತೋರಿಸಬಹುದು. ಕಂತಿನ ರಸೀದಿ, ಬಾಡಿಗೆ ಕರಾರು ಎಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಗುಂಡಿಗಳ ಫೋಟೊ ಪ್ರಿಂಟ್ ಹಾಕಿಸಿ ಅದಕ್ಕೇ ಸೇರಿಸಿದೆ.

ಮಹಡಿಯ ಒಂದು ಮನೆಯಲ್ಲಿ ನರ್ಸ್ ಕೆಲಸದ ಹುಡುಗಿ, ಅವಳ ಗಂಡ, ನಾಲ್ಕು ವರ್ಷದ ಮಗ. ಅಮ್ಮನ ಬಿ.ಪಿ. ಅವಳೇ ನೋಡುತ್ತಾಳೆ. ಮೊನ್ನೆ ಎರಡು ತಿಂಗಳ ಬಾಡಿಗೆಯಲ್ಲಿ ಉಳಿದದ್ದಕ್ಕೆ ನನ್ನ ಸಂಬಳದ ಸ್ವಲ್ಪ ಸೇರಿಸಿ ಒಡವೆ ಸಾಲಕ್ಕೆ 20,000 ಕಟ್ಟಿ ಬಂದೆ. ರಸೀದಿ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಅಪ್ಪನ ಕಬ್ಬಿಣದ ಪೆಟ್ಟಿಗೆ ತೆಗೆದು, ಕಾಫಿ ರಸೀದಿಗಳ ಮೇಲೆ ಅದನ್ನೂ ಇಟ್ಟಳು.